ಎತ್ತಿನ ಗಾಡಿಯ ಕ್ರೇನು, ಹಸಿರು ಬಟ್ಟೆಯ ಆಕಾಶ

ಪತ್ರಿಕೆ ಓದುವ ಅಭ್ಯಾಸವಿರುವ ಹಿರಿಯರಿಗೆ ಮಾಲೆಗಾಂವ್ ಎಂಬ ಹೆಸರು ಹೊಸದಲ್ಲ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಈ ಊರಿನಲ್ಲಿ 2006ರ ಸೆಪ್ಟೆಂಬರಿನಲ್ಲಿ ಒಮ್ಮೆ, 2008ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಬಾಂಬು ಸಿಡಿದು ಅಮಾಯಕರು ಸತ್ತರು. ಅಂದಿನಿಂದ ಊರಿನ ಹೆಸರೆತ್ತಿದರೆ ಸ್ಫೋಟ, ತನಿಖೆ, ನ್ಯಾಯಾಲಯ ಇವೇ ನೆನಪಿಗೆ ಬರುತ್ತವೆ. ಒಂದು ಊರಿಗೆ ಇಂಥ ಹಣೆಪಟ್ಟಿ ಅಂಟಿಕೊಂಡರೆ ಕಿತ್ತು ಹಾಕುವುದು ಸುಲಭವಲ್ಲ. ಆದರೆ ಅದೇ ಊರಿನಲ್ಲಿ, ಸರಿಸುಮಾರು ಅದೇ ಕಾಲದಲ್ಲಿ, ಒಂದಷ್ಟು ಜನ ಗೆಳೆಯರು ಸೇರಿಕೊಂಡು ಮಗ್ಗದ ಕೆಲಸಗಾರನೊಬ್ಬನಿಗೆ ನೀಲಿ ಅಂಗಿ ತೊಡಿಸಿ, ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿ, ಅವನನ್ನು ಆಕಾಶದಲ್ಲಿ ಹಾರಿಸಲು ಹೆಣಗುತ್ತಿದ್ದರು. ಅವರು ತೆಗೆಯುತ್ತಿದ್ದ ಸಿನಿಮಾದ ಹೆಸರು ‘ಮಾಲೆಗಾಂವ್ ಕಾ ಸೂಪರ್‌ಮ್ಯಾನ್’.

ಆ ಹೆಣಗಾಟವನ್ನೇ ಚಿತ್ರೀಕರಿಸಿ ಫೈಜಾ ಅಹ್ಮದ್ ಖಾನ್ ಎಂಬ ನಿರ್ದೇಶಕಿ 2008ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಹೆಸರು ‘ಸೂಪರ್‌ಮೆನ್ ಆಫ್ ಮಾಲೆಗಾಂವ್’. ಅವಧಿ ಸುಮಾರು ಒಂದು ಗಂಟೆ, ಅಷ್ಟೆ. ಸಾಕ್ಷ್ಯಚಿತ್ರ ಎಂದೊಡನೆ ಆಕಳಿಸುವವರು ನಮ್ಮಲ್ಲಿ ಬಹಳ. ಅಂಥವರೂ ಇದನ್ನು ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ದೊಡ್ಡ ನಿರ್ಮಾಪಕರಿಲ್ಲದ, ತಾರೆಯರಿಲ್ಲದ ಈ ಚಿತ್ರ ಭಾರತದ ಚಿತ್ರಮಂದಿರಗಳಿಗೆ ಬಂದದ್ದು 2012ರಲ್ಲಿ. ಅದೂ ದೊಡ್ಡ ನಗರಗಳ ಕೆಲವೇ ಪರದೆಗಳಲ್ಲಿ. ನಾಲ್ಕು ಜನ ನೋಡಿದರು, ಹೊಗಳಿದರು, ಮರೆತರು.

ವಿಜ್ಞಾನದ ಮೇಷ್ಟ್ರು ಸಿನಿಮಾ ವಿಷಯಕ್ಕೆ ಏಕೆ ಕೈ ಹಾಕಿದರು ಎಂದು ನೀವು ಕೇಳಬಹುದು. ಕಾರಣ ಸರಳ. ಎಂಟನೆಯ, ಒಂಬತ್ತನೆಯ ತರಗತಿಯ ಭೌತಶಾಸ್ತ್ರದ ನಾಲ್ಕಾರು ಪಾಠಗಳು ಈ ಒಂದು ಗಂಟೆಯಲ್ಲಿ ಜೀವಂತವಾಗಿ ಸಿಗುತ್ತವೆ. ಪಠ್ಯಪುಸ್ತಕದಲ್ಲಿ ಇಲ್ಲದ ಇನ್ನೊಂದು ಪಾಠವೂ ಇದೆ. ಅದನ್ನು ಕಡೆಗೆ ಹೇಳುತ್ತೇನೆ.

ಮಗ್ಗದ ಊರಿನ ಸಿನಿಮಾ ಹುಚ್ಚು

ಮಾಲೆಗಾಂವ್ ವಿದ್ಯುತ್ ಮಗ್ಗಗಳ ಊರು. ನಮ್ಮ ರಬಕವಿ-ಬನಹಟ್ಟಿ, ದೊಡ್ಡಬಳ್ಳಾಪುರದ ಓಣಿಗಳಲ್ಲಿ ನಡೆದಾಡಿದವರಿಗೆ ಆ ಸದ್ದಿನ ಪರಿಚಯ ಇರುತ್ತದೆ. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದ ಸದ್ದು ಅದು. ಅಲ್ಲಿನ ಮಗ್ಗಗಳಿಗೆ ಶುಕ್ರವಾರ ರಜೆ. ವಾರವಿಡೀ ನೂಲಿನ ಧೂಳು ಕುಡಿದ ಜನ ಅಂದು ಸಿನಿಮಾಕ್ಕೆ ಮುಗಿಬೀಳುತ್ತಾರೆ. ಬೇರೆ ಮನರಂಜನೆ ಅಷ್ಟಕ್ಕಷ್ಟೆ.

ಶೇಖ್ ನಾಸಿರ್ ಆ ಊರಿನಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದರು. ಚಾರ್ಲಿ ಚಾಪ್ಲಿನ್, ಬಸ್ಟರ್ ಕೀಟನ್, ಜಾಕಿ ಚಾನ್ ಇವರ ಚಿತ್ರಗಳನ್ನು ಹಾಕಿ ಹಾಕಿ, ನೋಡಿ ನೋಡಿ, ಸಿನಿಮಾ ಹೇಗೆ ಕಟ್ಟುತ್ತಾರೆ ಎಂಬುದನ್ನು ಕಣ್ಣಿನಿಂದಲೇ ಕಲಿತರು. ಯಾವ ಚಲನಚಿತ್ರ ಶಾಲೆಗೂ ಹೋದವರಲ್ಲ. ಒಂದು ದಿನ ‘ನಾವೇ ಒಂದು ತೆಗೆದರೆ ಹೇಗೆ?’ ಎಂಬ ಪ್ರಶ್ನೆ ಹುಟ್ಟಿತು. 2000ದಲ್ಲಿ ‘ಮಾಲೆಗಾಂವ್ ಕೇ ಶೋಲೆ’ ಸಿದ್ಧವಾಯಿತು. ಖರ್ಚು ಸುಮಾರು 50 ಸಾವಿರ ರೂಪಾಯಿ.

ಮೂಲ ‘ಶೋಲೆ’ 1975ರಲ್ಲಿ ತೆರೆಕಂಡದ್ದು. ನಮ್ಮ ರಾಮನಗರದ ಬಂಡೆಗಳ ನಡುವೆ ಕೋಟಿಗಟ್ಟಲೆ ಹಣ ಸುರಿದು, ಕುದುರೆಗಳನ್ನು ಓಡಿಸಿ, 70 ಎಂ.ಎಂ. ಪರದೆಗೆಂದು ತಯಾರಿಸಿದ ಚಿತ್ರ. ಮಾಲೆಗಾಂವ್‌ನವರಿಗೆ ಕುದುರೆ ಎಲ್ಲಿಂದ ಬರಬೇಕು? ಗಬ್ಬರ್‌ಸಿಂಗನ ಡಕಾಯಿತರು ಸೈಕಲ್ ತುಳಿದುಕೊಂಡು ಬಂದರು. ಊರಿನ ಜನ ಬಿದ್ದು ಬಿದ್ದು ನಕ್ಕರು. ತಮ್ಮ ಓಣಿಯ ಹುಡುಗರು, ತಮ್ಮ ಭಾಷೆ, ತಮ್ಮ ಹಾಸ್ಯ! ಆಮೇಲೆ ಒಂದರ ಹಿಂದೊಂದು ಅಣಕು ಚಿತ್ರಗಳು ಬಂದವು. ಹೀಗೆ ಸಾಗಿದ ದಾರಿಯಲ್ಲಿ ಬಂದವನೇ ಸೂಪರ್‌ಮ್ಯಾನ್.

ಮಾಲೆಗಾಂವ್‌ನ ಸೂಪರ್‌ಮ್ಯಾನ್ ಅಮೆರಿಕದವನಂತೆ ಉಕ್ಕಿನ ಮೈಯವನಲ್ಲ. ಮಗ್ಗದಲ್ಲಿ ದುಡಿಯುವ ಶಫೀಕ್ ಎಂಬ ತರುಣ, ಎಲುಬು ಎಣಿಸಬಹುದಾದಷ್ಟು ತೆಳ್ಳಗಿನವರು, ಈ ಪಾತ್ರ ಮಾಡಿದರು. ಕಥೆಯಲ್ಲಿ ಅವರ ಶತ್ರುಗಳು ಬೇರೆ ಗ್ರಹದಿಂದ ಬಂದವರಲ್ಲ. ಊರಿನ ಕೊಳೆ ಮತ್ತು ತಂಬಾಕು, ಇವೇ ವೈರಿಗಳು. ಎಲ್ಲೆಲ್ಲೂ ಗಲೀಜು ತುಂಬಿರಬೇಕು ಎಂದು ಬಯಸುವವನೇ ಖಳನಾಯಕ. ನೋಡಿ, ನಗಿಸಲು ಹೊರಟವರು ಎಂಥ ಗಂಭೀರ ವಿಷಯವನ್ನು ಕೈಗೆತ್ತಿಕೊಂಡಿದ್ದಾರೆ! ನಮ್ಮ ಆರೋಗ್ಯ ಶಿಕ್ಷಣದ ಭಿತ್ತಿಪತ್ರಗಳು ಹೇಳಲಾರದ್ದನ್ನು ಒಂದು ಕೋಡಂಗಿ ವೇಷ ಹೇಳಿಬಿಡುತ್ತದೆ.

ಸನ್ನೆ, ಚಕ್ರ ಮತ್ತು ಚಲನೆ

ಈಗ ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಓದಬೇಕು.

ದೊಡ್ಡ ಚಿತ್ರಗಳಲ್ಲಿ ಕ್ಯಾಮೆರಾ ನೆಲದಿಂದ ಮೆಲ್ಲನೆ ಮೇಲೆದ್ದು ಇಡೀ ಊರನ್ನು ತೋರಿಸುವುದನ್ನು ನೋಡಿರುತ್ತೀರಿ. ಅದಕ್ಕೆ ಕ್ರೇನ್ ಬೇಕು. ಬಾಡಿಗೆಗೆ ತರಲು ಸಾವಿರಾರು ರೂಪಾಯಿ. ನಾಸಿರ್ ಅವರ ತಂಡ ಎತ್ತಿನ ಗಾಡಿಯನ್ನೇ ಕ್ರೇನ್ ಮಾಡಿಕೊಂಡಿತು. ಎತ್ತು ಬಿಚ್ಚಿ ನಿಲ್ಲಿಸಿದ ಗಾಡಿಯನ್ನು ನೆನಪು ಮಾಡಿಕೊಳ್ಳಿ. ಹಿಂಭಾಗವನ್ನು ಒತ್ತಿದರೆ ಮುಂದಿನ ಮೂಕಿ ಆಕಾಶಕ್ಕೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಹಳ್ಳಿಯ ಮಕ್ಕಳೆಲ್ಲ ಇದರ ಮೇಲೆ ಏತದಾಟ ಆಡಿದವರೇ. ಪುಸ್ತಕದ ಭಾಷೆಯಲ್ಲಿ ಇದು ಮೊದಲನೆಯ ದರ್ಜೆಯ ಸನ್ನೆ. ಗಾಲಿಗಳ ನಡುವಿನ ಅಚ್ಚೇ ಆಧಾರಬಿಂದು. ಒಂದು ಕಡೆ ಭಾರ, ಇನ್ನೊಂದು ಕಡೆ ಬಲ, ನಡುವೆ ಆಧಾರ.

ಇಲ್ಲೊಂದು ಲೆಕ್ಕವಿದೆ. ಅಚ್ಚಿನಿಂದ ಮೂಕಿಯ ತುದಿಗೆ ಇರುವ ದೂರ, ಅಚ್ಚಿನಿಂದ ಗಾಡಿಯ ಹಿಂಭಾಗಕ್ಕೆ ಇರುವ ದೂರಕ್ಕಿಂತ ಹೆಚ್ಚು. ಉದಾಹರಣೆಗೆ ಎರಡರಷ್ಟು ಎಂದಿಟ್ಟುಕೊಳ್ಳಿ. ಮುಂದಿನ ತುದಿಯಲ್ಲಿ 60 ಕಿಲೋ ತೂಕದವನು ಕ್ಯಾಮೆರಾ ಹಿಡಿದು ಕುಳಿತರೆ, ಮೂಕಿಯ ತೂಕವನ್ನು ಬಿಟ್ಟರೂ, ಹಿಂದೆ 120 ಕಿಲೋ ಭಾರ ಬೇಕು. ಎಂದರೆ ಇಬ್ಬರು ಗಟ್ಟಿಮುಟ್ಟಾದ ಗೆಳೆಯರು ಹಿಂದೆ ನಿಲ್ಲಬೇಕು. ಬಲದಲ್ಲಿ ನಷ್ಟವೇ. ಆದರೆ ಪ್ರತಿಫಲವೂ ಇದೆ: ಹಿಂಭಾಗ ಒಂದು ಅಡಿ ಇಳಿದರೆ ಮುಂಭಾಗ ಎರಡು ಅಡಿ ಏರುತ್ತದೆ. ಕ್ಯಾಮೆರಾಕ್ಕೆ ಬೇಕಾದದ್ದೂ ಎತ್ತರವೇ. ‘ಬಲದಲ್ಲಿ ಕಳೆದದ್ದನ್ನು ದೂರದಲ್ಲಿ ಗಳಿಸುತ್ತೇವೆ’ ಎಂದು ತರಗತಿಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಮಾಲೆಗಾಂವ್‌ನವರು ಒಂದು ಗಾಡಿಯಿಂದ ತೋರಿಸಿದ್ದಾರೆ.

ಇನ್ನು ಟ್ರಾಲಿ. ನಟ ನಡೆಯುತ್ತಿದ್ದರೆ ಕ್ಯಾಮೆರಾವೂ ಅವನ ಜೊತೆ ಕುಲುಕದೆ ಸಾಗಬೇಕು. ಸಿನಿಮಾದವರು ಇದಕ್ಕಾಗಿ ಹಳಿ ಹಾಕುತ್ತಾರೆ. ಇವರ ಬಳಿ ಇದ್ದದ್ದು ಸೈಕಲ್. ಕ್ಯಾಮೆರಾ ಹಿಡಿದವನನ್ನು ಸೈಕಲ್ ಮೇಲೆ ಕೂರಿಸಿ ತಳ್ಳಿದರೆ ಆಯಿತು. ನಡೆಯುವವನ ಕೈಯಲ್ಲಿ ಕ್ಯಾಮೆರಾ ಪ್ರತಿ ಹೆಜ್ಜೆಗೂ ಏರಿ ಇಳಿಯುತ್ತದೆ; ಗಾಲಿಯ ಮೇಲೆ ಆ ಏರಿಳಿತವಿಲ್ಲ. ಗಾಳಿ ತುಂಬಿದ ಟೈರು ಸಣ್ಣ ಕಲ್ಲುಗಳ ಕುಲುಕನ್ನೂ ನುಂಗಿಕೊಳ್ಳುತ್ತದೆ.

ಸೂಪರ್‌ಮ್ಯಾನ್ ಹಾರುವುದು ಹೇಗೆ? ನಟನನ್ನು ಉದ್ದ ಕೋಲಿನ ಆಸರೆಯಲ್ಲಿ ಅಡ್ಡಲಾಗಿ ನಿಲ್ಲಿಸುತ್ತಾರೆ. ಅವರು ಇದ್ದಲ್ಲೇ ಇರುತ್ತಾರೆ. ಹಿಂದಿನ ದೃಶ್ಯ ಮಾತ್ರ ಓಡುತ್ತದೆ. ನೋಡುವವರಿಗೆ ನಾಯಕ ಹಾರಿದಂತೆ ಕಾಣುತ್ತದೆ. ನಿಂತ ರೈಲಿನಲ್ಲಿ ಕುಳಿತಾಗ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಂತೆ ಅನಿಸುವುದಿಲ್ಲವೇ? ಚಲನೆ ಎನ್ನುವುದು ಯಾವಾಗಲೂ ಇನ್ನೊಂದಕ್ಕೆ ಹೋಲಿಸಿ ಹೇಳುವ ಮಾತು. ಸಾಪೇಕ್ಷ ಚಲನೆಯ ಈ ಪಾಠವನ್ನು ನಂಬಿಯೇ ಸೂಪರ್‌ಮ್ಯಾನ್ ಮಾಲೆಗಾಂವ್‌ನ ಮಾಳಿಗೆಗಳ ಮೇಲೆ ಹಾರಿದ.

ಹಸಿರು ಬಟ್ಟೆಯ ಗುಟ್ಟು

ಹಿಂದಿನ ದೃಶ್ಯವನ್ನು ಓಡಿಸುವುದಕ್ಕೆ ಅವರು ಬಳಸಿದ್ದು ಹಸಿರು ಬಟ್ಟೆ ಮತ್ತು ಕಂಪ್ಯೂಟರ್. ಈ ತಂತ್ರಕ್ಕೆ ಕ್ರೋಮಾ ಕೀ ಎಂದು ಹೆಸರು. ಟಿ.ವಿ.ಯಲ್ಲಿ ಹವಾಮಾನ ವರದಿ ಹೇಳುವವರ ಹಿಂದೆ ಭೂಪಟ ಬರುವುದೂ ಹೀಗೆಯೇ.

ಡಿಜಿಟಲ್ ಚಿತ್ರವೆಂದರೆ ಲಕ್ಷಾಂತರ ಚುಕ್ಕಿಗಳ ರಂಗೋಲಿ. ಪ್ರತಿ ಚುಕ್ಕಿಗೂ ಮೂರು ಸಂಖ್ಯೆಗಳಿರುತ್ತವೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಸಾಮಾನ್ಯವಾಗಿ ಇವು 0ಯಿಂದ 255ರವರೆಗೆ. ಕಂಪ್ಯೂಟರಿಗೆ ಒಂದು ನಿಯಮ ಹೇಳಿಕೊಡುತ್ತೇವೆ: ‘ಯಾವ ಚುಕ್ಕಿಯಲ್ಲಿ ಹಸಿರು ಉಳಿದೆರಡಕ್ಕಿಂತ ಬಹಳ ಹೆಚ್ಚಿದೆಯೋ ಅದನ್ನು ತೆಗೆದುಹಾಕು, ಆ ಜಾಗದಲ್ಲಿ ಆಕಾಶದ ಚಿತ್ರದ ಚುಕ್ಕಿಯನ್ನು ಇಡು.’ ಅಷ್ಟೆ. ಮಂತ್ರವಿಲ್ಲ, ಮಾಯೆಯಿಲ್ಲ.

ಹಸಿರೇ ಏಕೆ? ಮನುಷ್ಯನ ಚರ್ಮ ಕಪ್ಪಿರಲಿ ಬಿಳುಪಿರಲಿ, ಅದರಲ್ಲಿ ಕೆಂಪಿನ ಅಂಶ ಮುಂದಿರುತ್ತದೆ. ಹಾಗಾಗಿ ಹಸಿರನ್ನು ತೆಗೆದರೆ ಮುಖ ಉಳಿಯುತ್ತದೆ. ಕೆಂಪನ್ನು ತೆಗೆದರೆ ನಟನೇ ಮಾಯವಾಗುತ್ತಾನೆ. ನೀಲಿ ಪರದೆಯನ್ನೂ ಬಳಸುವುದುಂಟು. ಆದರೆ ಸೂಪರ್‌ಮ್ಯಾನನ ಅಂಗಿಯೇ ನೀಲಿ! ನೀಲಿ ಪರದೆಯ ಮುಂದೆ ನಿಲ್ಲಿಸಿದರೆ ತಲೆ, ಕೈ ಮತ್ತು ಬೆನ್ನಿನ ಕೆಂಪು ಬಟ್ಟೆ ಮಾತ್ರ ಹಾರಾಡಿ, ಮೈ ಇರಬೇಕಾದಲ್ಲಿ ಮೋಡ ಕಾಣುತ್ತಿತ್ತು. ಇನ್ನೊಂದು ಅನುಕೂಲ: ಡಿಜಿಟಲ್ ಕ್ಯಾಮೆರಾಗಳ ಸಂವೇದಕದಲ್ಲಿ ಸಾಮಾನ್ಯವಾಗಿ ಪ್ರತಿ 4 ಬಿಂದುಗಳಲ್ಲಿ 2 ಹಸಿರಿಗೆ, ಒಂದೊಂದು ಕೆಂಪು ಮತ್ತು ನೀಲಿಗೆ ಮೀಸಲು. ನಮ್ಮ ಕಣ್ಣಿಗೆ ಹಸಿರು ಬೆಳಕು ಅತಿ ಚೆನ್ನಾಗಿ ಕಾಣುವುದರಿಂದ ಕ್ಯಾಮೆರಾವನ್ನೂ ಹಾಗೆಯೇ ಮಾಡಿದ್ದಾರೆ. ಆದ್ದರಿಂದ ಹಸಿರಿನ ಅಂಚು ಹೆಚ್ಚು ಸ್ವಚ್ಛವಾಗಿ ಸಿಗುತ್ತದೆ.

ಬಟ್ಟೆ ಮುದುರಿದ್ದರೆ ಮಡಿಕೆಗಳಲ್ಲಿ ನೆರಳು ಬೀಳುತ್ತದೆ. ನೆರಳಿನ ಹಸಿರು ಬೇರೆ, ಬೆಳಕಿನ ಹಸಿರು ಬೇರೆ. ಕಂಪ್ಯೂಟರ್ ತಬ್ಬಿಬ್ಬಾಗಿ ಆಕಾಶದಲ್ಲಿ ತೇಪೆ ಹಾಕುತ್ತದೆ. ನಟ ಬಟ್ಟೆಗೆ ತೀರ ಹತ್ತಿರ ನಿಂತರೆ ಹಸಿರು ಬೆಳಕು ಪ್ರತಿಫಲಿಸಿ ಅವನ ಕೆನ್ನೆಗೂ ಬಳಿಯುತ್ತದೆ. ಕೆನ್ನೆಯಲ್ಲಿ ತೂತು ಬೀಳುತ್ತದೆ. ಸರಿಯಾಗಬೇಕಾದರೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು, ಬೆಳಕು ಎಲ್ಲ ಕಡೆ ಸಮನಾಗಿ ಬೀಳಬೇಕು, ನಟ ನಾಲ್ಕು ಹೆಜ್ಜೆ ಮುಂದೆ ನಿಲ್ಲಬೇಕು. ಬೆಳಕಿನ ಪ್ರತಿಫಲನದ ಪಾಠವನ್ನು ಇಷ್ಟು ಶ್ರದ್ಧೆಯಿಂದ ಓದುವ ಅಗತ್ಯ ನಮ್ಮ ಎಷ್ಟು ವಿದ್ಯಾರ್ಥಿಗಳಿಗೆ ಬಿದ್ದಿದೆ?

ನಗು ಎಲ್ಲಿಂದ ಬರುತ್ತದೆ?

ಈ ಚಿತ್ರದಲ್ಲಿ ನಗು ತರಿಸುವ ಪ್ರಸಂಗಗಳಿಗೆ ಲೆಕ್ಕವಿಲ್ಲ. ಚಿತ್ರೀಕರಣ ನಡೆಯುತ್ತಿರುವಾಗ ಇದ್ದ ಒಂದೇ ಕ್ಯಾಮೆರಾ ನೀರಿಗೆ ಬೀಳುತ್ತದೆ. ನಡುವೆಯೇ ಸೂಪರ್‌ಮ್ಯಾನನ ಮದುವೆ ಗೊತ್ತಾಗುತ್ತದೆ. ಜಗತ್ತನ್ನು ಕಾಪಾಡುವ ಕೆಲಸಕ್ಕೆ ರಜೆ ಹಾಕಿ ಅವರು ಹಸೆಮಣೆ ಏರಬೇಕಾಗುತ್ತದೆ. ಇಷ್ಟಾದರೂ ತಂಡದಲ್ಲಿ ಯಾರೂ ಚೇಷ್ಟೆ ಮಾಡುತ್ತಿಲ್ಲ. ಎಲ್ಲರ ಮುಖದಲ್ಲೂ ಪರೀಕ್ಷೆ ಬರೆಯುವವರ ಗಾಂಭೀರ್ಯ. ಆ ಗಾಂಭೀರ್ಯವೇ ನಮ್ಮನ್ನು ನಗಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ನಗು ನಿಂತು, ‘ಅಯ್ಯೋ, ಇವರ ಕೆಲಸ ಹೇಗಾದರೂ ಮುಗಿಯಲಿ’ ಎಂಬ ಆತಂಕ ನಮ್ಮದೂ ಆಗಿಬಿಡುತ್ತದೆ.

ಇದು ನಿರ್ದೇಶಕಿಯ ದೊಡ್ಡತನ. ಬಡವರ ಪ್ರಯತ್ನವನ್ನು ತೋರಿಸಿ ನಗಿಸುವುದು ಸುಲಭ. ಅವರನ್ನು ಸಣ್ಣವರನ್ನಾಗಿ ಮಾಡದೆ ನಗಿಸುವುದು ಕಷ್ಟ. ಫೈಜಾ ಅವರು ಒಂದು ಕಡೆಯೂ ಮೂಗು ಮುರಿಯುವುದಿಲ್ಲ. ತರಗತಿಯಲ್ಲಿ ಯಾರಾದರೂ ತಪ್ಪು ಉತ್ತರ ಹೇಳಿದಾಗ ಉಳಿದವರು ನಗುವ ನಗುವಿಗೂ ಈ ನಗುವಿಗೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಬಾಯಿ ಮುಚ್ಚಿಸುತ್ತದೆ. ಎರಡನೆಯದು ಇನ್ನೊಮ್ಮೆ ಪ್ರಯತ್ನಿಸಲು ಹುರಿದುಂಬಿಸುತ್ತದೆ.

ಇನ್ನೊಬ್ಬರ ಸಿನಿಮಾ ನಕಲು ಮಾಡುವುದು ಸರಿಯೇ ಎಂದು ಕೆಲವರು ಕೇಳಬಹುದು. ನಕಲು ಬೇರೆ, ಅಣಕು ಬೇರೆ. ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆಯುವವನಿಗೆ ಪ್ರಶ್ನೆಯೇ ಅರ್ಥವಾಗಿರಬೇಕಿಲ್ಲ. ಅಣಕು ಮಾಡುವವನಿಗೆ ಮೂಲದ ಪ್ರತಿಯೊಂದು ಮೂಳೆಯೂ ಗೊತ್ತಿರಬೇಕು. ಕುದುರೆಯ ಜಾಗದಲ್ಲಿ ಸೈಕಲ್ ತರಬೇಕಾದರೆ, ಆ ದೃಶ್ಯದಲ್ಲಿ ಕುದುರೆ ಮಾಡುವ ಕೆಲಸವೇನು ಎಂದು ಮೊದಲು ಯೋಚಿಸಿರಬೇಕಲ್ಲವೇ?

ಒಂದು ಕೊರತೆಯನ್ನೂ ಹೇಳಬೇಕು. ಊರಿನ ಹೆಣ್ಣುಮಕ್ಕಳು ಈ ಸಿನಿಮಾಗಳಲ್ಲಿ ಇಲ್ಲ. ಮನೆಯವರು ಬಿಡುವುದಿಲ್ಲ. ನಾಯಕಿಯರನ್ನು ಬೇರೆ ಊರುಗಳಿಂದ ಕರೆಸುತ್ತಾರೆ. ಆದರೆ ಈ ಊರಿನ ಕಥೆಯನ್ನು ಜಗತ್ತಿಗೆ ಹೇಳಿದವರು ಒಬ್ಬ ಮಹಿಳೆ. ಇದೇ ಗೆಳೆಯರ ಬದುಕನ್ನು ಆಧರಿಸಿ ‘ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್’ ಎಂಬ ಹಿಂದಿ ಕಥಾಚಿತ್ರ ಮಾಡಿದವರು ಮತ್ತೊಬ್ಬ ಮಹಿಳೆ, ರೀಮಾ ಕಾಗ್ತಿ. ಅದು 2024ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು 2025ರ ಫೆಬ್ರವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಹೆಣ್ಣುಮಕ್ಕಳ ತಂದೆತಾಯಿಯರು ಈ ಸಂಗತಿಯನ್ನು ಒಂದು ಕ್ಷಣ ಯೋಚಿಸಲಿ.

ಅದೇ ಜಿಲ್ಲೆಯ ಹಿರಿಯರು

ನಾಸಿಕ್ ಜಿಲ್ಲೆಗೆ ಇದು ಹೊಸದಲ್ಲ. ಭಾರತೀಯ ಚಲನಚಿತ್ರದ ಪಿತಾಮಹ ದಾದಾಸಾಹೇಬ್ ಫಾಲ್ಕೆ 1870ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆಯುವಾಗ ಅವರಿಗೂ ನಟಿಯರು ಸಿಗಲಿಲ್ಲ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಯುವಕನಿಗೆ ಸೀರೆ ಉಡಿಸಿ ತಾರಾಮತಿ ಮಾಡಿದರು. ಮಗ ಭಾಲಚಂದ್ರನೇ ರೋಹಿತಾಶ್ವ. ಪತ್ನಿ ಸರಸ್ವತೀಬಾಯಿ ಚಿತ್ರತಂಡಕ್ಕೆ ಅಡುಗೆ ಮಾಡುವುದರ ಜೊತೆಗೆ ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವುದನ್ನೂ ಕಲಿತರು. ಮನೆಯೇ ಸ್ಟುಡಿಯೋ. 2009ರಲ್ಲಿ ಪರೇಶ್ ಮೊಕಾಶಿ ಈ ಸಾಹಸವನ್ನು ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’ ಎಂಬ ಹೆಸರಿನಲ್ಲಿ ಸೊಗಸಾದ ಮರಾಠಿ ಹಾಸ್ಯಚಿತ್ರ ಮಾಡಿದರು.

ನನಗೆ ಫಾಲ್ಕೆ ಅವರ ಮೇಲೆ ವಿಶೇಷ ಗೌರವ ಇರುವುದಕ್ಕೆ ಇನ್ನೊಂದು ಕಾರಣವಿದೆ. ಹಣ ಹಾಕುವವರು ನಂಬಲಿಲ್ಲ. ಅವರನ್ನು ಒಪ್ಪಿಸಲು ಫಾಲ್ಕೆ ಏನು ಮಾಡಿದರು ಗೊತ್ತೇ? ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಬಳ್ಳಿಯಾಗುವವರೆಗೆ ಬಿಡುವು ಕೊಟ್ಟು ಕೊಟ್ಟು ಒಂದೊಂದೇ ಚಿತ್ರ ತೆಗೆದರು. ಎಲ್ಲವನ್ನೂ ಸೇರಿಸಿ ಓಡಿಸಿದಾಗ ದಿನಗಟ್ಟಲೆಯ ಬೆಳವಣಿಗೆ ಕಣ್ಣೆದುರು ಕ್ಷಣಗಳಲ್ಲಿ ನಡೆದುಹೋಯಿತು. ಭಾರತದ ಮೊದಲ ಪೂರ್ಣ ಕಥಾಚಿತ್ರಕ್ಕೆ ಬಂಡವಾಳ ತಂದುಕೊಟ್ಟದ್ದು ಒಂದು ಸಸ್ಯಶಾಸ್ತ್ರದ ಪ್ರಯೋಗ!

‘ಇದರಿಂದ ಏನು ಬಂತು?’

ಈಗ ಪೋಷಕರು ಖಂಡಿತ ಕೇಳುವ ಪ್ರಶ್ನೆ. ಸಿನಿಮಾ ತೆಗೆದು ಆ ಜನ ಏನು ಸಂಪಾದಿಸಿದರು?

ಉತ್ತರವನ್ನು ಮುಚ್ಚಿಡಬಾರದು. ಹಣದ ಲೆಕ್ಕದಲ್ಲಿ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ತಂಡದ ಕಥೆಗಾರ ಫರೋಗ್ ಜಾಫ್ರಿ ಅವರ ಕನಸು ಮುಂಬೈ. ಮಾಲೆಗಾಂವ್‌ನಿಂದ ಮುಂಬೈಗೆ ಮುನ್ನೂರು ಕಿಲೋಮೀಟರಿನ ಆಸುಪಾಸು. ಒಂದು ರಾತ್ರಿಯ ಬಸ್ ಪ್ರಯಾಣ. ಆದರೆ ಬರೆಯುವವನೊಬ್ಬನಿಗೆ ಆ ದಾರಿ ಎಷ್ಟು ಉದ್ದ ಎಂಬುದನ್ನು ಚಿತ್ರದಲ್ಲಿ ಅವರ ಮುಖ ನೋಡಿಯೇ ತಿಳಿಯಬೇಕು. ಸೂಪರ್‌ಮ್ಯಾನ್ ವೇಷ ಕಳಚಿದ ಶಫೀಕ್ ಮತ್ತೆ ಮಗ್ಗಕ್ಕೆ ಹೋಗಬೇಕಾದವರೇ. ಕೆಲವು ವರ್ಷಗಳಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು ಹೆಚ್ಚಾಗಿರಲಿಲ್ಲ. ಇದು ಗೊತ್ತಿದ್ದು ಸಾಕ್ಷ್ಯಚಿತ್ರವನ್ನು ಎರಡನೆಯ ಬಾರಿ ನೋಡಿದರೆ, ತಂಬಾಕಿನ ವಿರುದ್ಧ ಮುಷ್ಟಿ ಬಿಗಿದು ಹಾರುವ ಆ ಬಡಕಲು ಶರೀರವನ್ನು ಕಂಡು ನಗಲಾಗುವುದಿಲ್ಲ. 2025ರ ಹಿಂದಿ ಚಿತ್ರ ಈ ಘಟನೆಗಳನ್ನು ಕಥೆಗೆ ಹೊಂದುವಂತೆ ಹಿಂದೆಮುಂದೆ ಮಾಡಿಕೊಂಡಿದೆ. ಸಾಕ್ಷ್ಯಚಿತ್ರದಲ್ಲಿ ಇರುವುದು ನಿಜವಾದ ಶಫೀಕ್. ಮುಂದೆ ಏನಾಗುವುದೆಂದು ತಿಳಿಯದೆ ನಾಚಿಕೊಂಡು ನಗುವ ಶಫೀಕ್.

ಹಾಗಾದರೆ ಬಂದದ್ದೇನು? ಶುಕ್ರವಾರ ಚಿತ್ರ ನೋಡುವ ಮಗ್ಗದ ಕಾರ್ಮಿಕನಿಗೆ ತನ್ನಂಥವನೊಬ್ಬ ಪರದೆಯ ಮೇಲೆ ಹಾರುವುದು ಕಂಡಿತು. ಬಾಂಬಿನ ಸುದ್ದಿಯಲ್ಲಿ ಮಾತ್ರ ಕೇಳುತ್ತಿದ್ದ ಊರಿಗೆ ಇನ್ನೊಂದು ಹೆಸರು ಬಂತು. ಇವೆಲ್ಲಕ್ಕಿಂತ ಮುಖ್ಯವಾಗಿ, ಕೈಗೆತ್ತಿಕೊಂಡ ಕೆಲಸ ಮುಗಿಯಿತು. ನಾನು ಕಡೆಗೆ ಹೇಳುತ್ತೇನೆಂದ ಪಾಠ ಇದೇ. ಕ್ಯಾಮೆರಾ ನೀರಿಗೆ ಬಿದ್ದರೂ, ನಾಯಕ ಮದುವೆಗೆ ಹೋದರೂ, ಸೂಪರ್‌ಮ್ಯಾನ್ ಕೊನೆಗೆ ಹಾರಿದ.

ನಮ್ಮ ಮಕ್ಕಳಲ್ಲಿ ನಾನು ಕಾಣದಿರುವುದು ಇದನ್ನೇ. ಬುದ್ಧಿ ಕಡಿಮೆಯಿಲ್ಲ, ಸಾಧನ ಕಡಿಮೆಯಿಲ್ಲ. ಇಂದು ಸಾಧಾರಣ ಮೊಬೈಲಿನಲ್ಲಿರುವ ಕ್ಯಾಮೆರಾ ನಾಸಿರ್ ಅವರ ಕೈಯಲ್ಲಿದ್ದ ಕ್ಯಾಮೆರಾಕ್ಕಿಂತ ಎಷ್ಟೋ ಉತ್ತಮ. ಆದರೆ ಅರ್ಧ ನಿಮಿಷದ ರೀಲ್ಸ್ ಮುಗಿಯುವುದರೊಳಗೆ ಬೆರಳು ಮುಂದಿನದಕ್ಕೆ ಸರಿದಿರುತ್ತದೆ. ಹಿಡಿದ ಕೆಲಸವನ್ನು ಕಡೆಯವರೆಗೆ ಮುಟ್ಟಿಸುವ ತಾಳ್ಮೆಗೆ ಅಂಕವಿಲ್ಲ; ಅಂಕವಿಲ್ಲದ್ದಕ್ಕೆ ಮನೆಯಲ್ಲಿ ಬೆಲೆಯಿಲ್ಲ.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನವನ್ನೇ ನೋಡಿ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಥಳಥಳಿಸುವ ಸೌರವ್ಯೂಹದ ಮಾದರಿ ತಂದ. ಮೋಟಾರು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು. ಅಂಗಡಿಯಿಂದ ತಂದದ್ದು ಎಂಬುದಕ್ಕೆ ತಳದಲ್ಲಿದ್ದ ಬೆಲೆಯ ಚೀಟಿಯೇ ಸಾಕ್ಷಿ. ಪಕ್ಕದಲ್ಲಿ ಎಂಟನೆಯ ತರಗತಿಯ ಹುಡುಗಿ ರಟ್ಟು, ಸಿರಿಂಜು, ಸಲೈನ್ ನಳಿಕೆ ಜೋಡಿಸಿ ಜೆ.ಸಿ.ಬಿ. ಮಾಡಿದ್ದಳು. ಅದರ ತೋಳು ಅರ್ಧಕ್ಕೆ ನಿಲ್ಲುತ್ತಿತ್ತು. ‘ಯಾಕಮ್ಮ?’ ಎಂದೆ. ‘ನಳಿಕೇಲಿ ಗಾಳಿಗುಳ್ಳೆ ಸೇರ್ಕೊಂಡಿದೆ ಸಾರ್. ಗಾಳಿ ಅದುಮಿಕೊಳ್ಳುತ್ತೆ, ನೀರು ಅದುಮಿಕೊಳ್ಳಲ್ಲ. ನಿನ್ನೆ ರಾತ್ರಿ ಮೂರು ಸಲ ಬಿಚ್ಚಿ ಜೋಡಿಸಿದೆ’ ಎಂದಳು. ಪ್ಯಾಸ್ಕಲನ ನಿಯಮ ಆ ಮಗುವಿನ ಬೆರಳಿಗೆ ಗೊತ್ತಾಗಿತ್ತು. ಬಹುಮಾನದ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ ಆಗಬೇಕು ಎಂದು ನಾನು ಪಟ್ಟು ಹಿಡಿದೆ.

ಪೋಷಕರೇ, ಮಕ್ಕಳು ರಟ್ಟು, ಅಂಟು, ಹರಿದ ಬೆಡ್‌ಶೀಟ್ ಎಳೆದುಕೊಂಡು ಕುಳಿತಾಗ ‘ಓದೋದು ಬಿಟ್ಟು ಇದೇನು?’ ಎಂದು ಗದರಿಸಬೇಡಿ. ಸಿನಿಮಾಕ್ಕೆ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಪರೀಕ್ಷೆಯೇ, ಹೊಟ್ಟೆಪಾಡು ಹೊಟ್ಟೆಪಾಡೇ. ವರ್ಷಕ್ಕೊಂದು ಕೆಲಸವನ್ನಾದರೂ ಮಗು ತಾನೇ ಆರಿಸಿಕೊಂಡು, ಇದ್ದುದರಲ್ಲೇ ಹೊಂದಿಸಿಕೊಂಡು, ಮುಗಿಸಿ ತೋರಿಸಲಿ. ಅದು ಸೊಟ್ಟಗಿದ್ದರೂ ಚಿಂತೆಯಿಲ್ಲ.

ಮಾಡಿ ನೋಡಿ

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ, ಫಾಲ್ಕೆ ಅವರ ದಾರಿಯಲ್ಲಿ. ಒಂದು ಗಾಜಿನ ಲೋಟದ ಒಳಮೈಗೆ ಒದ್ದೆ ಹತ್ತಿ ಒತ್ತಿ, ಹತ್ತಿಗೂ ಗಾಜಿಗೂ ನಡುವೆ ನಾಲ್ಕು ಹೆಸರುಕಾಳು ಇಡಿ. ಮೊಬೈಲನ್ನು ಅಲ್ಲಾಡದಂತೆ ಇಟ್ಟಿಗೆಗೆ ಒರಗಿಸಿ, ನಿಂತ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಕಿಟಕಿಯ ಬೆಳಕು ಗಂಟೆ ಗಂಟೆಗೂ ಬದಲಾಗುತ್ತದೆ. ಆದ್ದರಿಂದ ಒಂದು ದೀಪವನ್ನು ಒಂದೇ ಕಡೆ ಇಡಿ. ಅರ್ಧ ಗಂಟೆಗೊಂದು ಚಿತ್ರ ತೆಗೆಯಿರಿ. ದಿನಕ್ಕೆ 48, ಮೂರು ದಿನಕ್ಕೆ 144. ಸೆಕೆಂಡಿಗೆ 12 ಚಿತ್ರದಂತೆ ಓಡಿಸಿದರೆ 12 ಸೆಕೆಂಡಿನ ಸಿನಿಮಾ ಸಿಗುತ್ತದೆ. ರಾತ್ರಿ ನಿದ್ದೆಗೆಡುವುದು ಬೇಡ. ತಾನಾಗಿಯೇ ನಿಗದಿತ ಸಮಯಕ್ಕೆ ಚಿತ್ರ ತೆಗೆಯುವ ಸೌಲಭ್ಯ ಕೆಲವು ಮೊಬೈಲುಗಳಲ್ಲಿದೆ. ಇಲ್ಲದಿದ್ದರೆ ಹಗಲಿನಲ್ಲಿ ಮಾತ್ರ ತೆಗೆಯಿರಿ. ಆಗ ಪ್ರತಿ ಬೆಳಿಗ್ಗೆ ಮೊಳಕೆ ಒಮ್ಮೆಗೇ ನೆಗೆದಂತೆ ಕಾಣುತ್ತದೆ. ಏಕೆಂದು ಯೋಚಿಸಿ. ಬೇರು ಯಾವ ಕಡೆಗೆ ತಿರುಗುತ್ತದೆ, ಕಾಂಡ ಯಾವ ಕಡೆಗೆ ಬಾಗುತ್ತದೆ ಎಂಬುದನ್ನು ಬರೆದಿಡಿ. ಎರಡನೆಯ ದಿನ ಲೋಟವನ್ನು ಅಡ್ಡ ಮಲಗಿಸಿದರೆ ಏನಾಗುತ್ತದೆ?

ಒಂದು ಎಚ್ಚರಿಕೆ. ಹಾರುವ ಸೂಪರ್‌ಮ್ಯಾನ್ ದೃಶ್ಯ ತೆಗೆಯಬೇಕೆನಿಸಿದರೆ ಮಾಳಿಗೆ, ಮರ, ಲಾರಿ ಹತ್ತಬೇಡಿ. ಬೆಂಚಿನ ಮೇಲೆ ಬೋರಲು ಮಲಗಿ, ಬೆಂಚಿಗೂ ಹಸಿರು ಬಟ್ಟೆ ಹೊದಿಸಿ. ಉಳಿದದ್ದನ್ನು ಸಾಪೇಕ್ಷ ಚಲನೆ ನೋಡಿಕೊಳ್ಳುತ್ತದೆ.

ಮೊದಲ ಸಲ ಕೆಡುತ್ತದೆ. ಇಟ್ಟಿಗೆ ಅಲುಗುತ್ತದೆ, ಹತ್ತಿ ಒಣಗುತ್ತದೆ, ಮನೆಯವರು ಲೋಟ ತೊಳೆದಿಟ್ಟುಬಿಡುತ್ತಾರೆ. ಮತ್ತೆ ಬೇರೆ ಕಾಳು ಇಡಿ. ಹನ್ನೆರಡು ಸೆಕೆಂಡಿನ ನಿಮ್ಮ ಸಿನಿಮಾ ಮುಗಿದ ಮೇಲೆ ಮನೆಯವರನ್ನೆಲ್ಲ ಕೂರಿಸಿ ತೋರಿಸಿ. ಅವರು ನಕ್ಕರೆ ನಗಲಿ.